ಇಬ್ಬನಿ ರಾತ್ರಿಗೆ ಲ್ಯಾಪ್‌ಟಾಪಿಗೊಂದು ಸೂರು

ಹಾಸನ ಜಿಲ್ಲೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಕಾಲೇಜಿನ ಸಣ್ಣ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಚಂದ್ರನ ಕುಳಿಗಳನ್ನೂ ಗುರುಗ್ರಹದ ಪಟ್ಟೆಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕೆಂಬುದು ಅವಳ ಆಸೆ. ಅದಕ್ಕಾಗಿ ಚಳಿಗಾಲದ ರಾತ್ರಿ ಮನೆಯ ತಾರಸಿಯ ಮೇಲೆ ಮೂರು ನಾಲ್ಕು ಗಂಟೆ ಲ್ಯಾಪ್‌ಟಾಪನ್ನು ತೆರೆದಿಡಬೇಕು. "ಸಾಲ ಮಾಡಿ ಕೊಡಿಸಿದ್ದು ಮೇಷ್ಟ್ರೇ, ಇನ್ನೂ ಏಳು ಕಂತು ಬಾಕಿ ಇದೆ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ನೀರು ನಿಂತಿರುತ್ತದೆ. ಬೇಡ ಎಂದೆ. ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ನಾನು ಹೇಳಿದ್ದು ತಪ್ಪೇ?" ಎಂದು ಕೇಳಿದ್ದಾರೆ.

ತಪ್ಪಲ್ಲ. ಆದರೆ ಪೂರ್ತಿ ಸರಿಯೂ ಅಲ್ಲ. ಭಯ ಸರಿಯಾದದ್ದು, ತೀರ್ಮಾನ ಮಾತ್ರ ಅವಸರದ್ದು. ಆ ತಂದೆ ತಮಗೇ ಗೊತ್ತಿಲ್ಲದಂತೆ ಒಂದು ಒಳ್ಳೆಯ ಅವಲೋಕನ ಮಾಡಿದ್ದಾರೆ. ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಒದ್ದೆಯಾಗುತ್ತದೆ. ಅದೇ ಸ್ಕೂಟರನ್ನು ಪೋರ್ಟಿಕೋದ ಕೆಳಗೋ ದಟ್ಟವಾದ ಹಲಸಿನ ಮರದ ಕೆಳಗೋ ನಿಲ್ಲಿಸಿದರೆ? ಸೀಟು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಪೋರ್ಟಿಕೋಗೆ ಗೋಡೆಗಳಿಲ್ಲ, ಹೊರಗಿನ ಗಾಳಿಯೇ ಅಲ್ಲಿಯೂ ಆಡುತ್ತದೆ. ಗಾಳಿ ಅದೇ, ಅದರಲ್ಲಿನ ತೇವಾಂಶ ಅದೇ, ಚಳಿಯೂ ಹೆಚ್ಚುಕಡಿಮೆ ಅದೇ. ಆದರೂ ಒಂದು ಕಡೆ ನೀರು, ಇನ್ನೊಂದು ಕಡೆ ಇಲ್ಲ. ಲ್ಯಾಪ್‌ಟಾಪನ್ನು ಕಾಪಾಡುವ ಉಪಾಯವೆಲ್ಲ ಈ ವ್ಯತ್ಯಾಸದಲ್ಲಿದೆ.

'ಇಬ್ಬನಿ ಬೀಳುತ್ತದೆ' ಎನ್ನುವುದು ನಮ್ಮ ಮಾತಿನ ರೂಢಿ. "ಮಂಜು ಬೀಳ್ತಿದೆ, ತಲೆಗೆ ಟವಲು ಸುತ್ತಿಕೊಳ್ಳೋ" ಎಂದು ಅಜ್ಜಿ ಹೇಳಿದ್ದನ್ನು ಕೇಳದ ಮಕ್ಕಳಿಲ್ಲ. ನಿಜ ಹೇಳಬೇಕೆಂದರೆ ಇಬ್ಬನಿ ಮಳೆಯಂತೆ ಮೇಲಿನಿಂದ ಬೀಳುವುದಿಲ್ಲ, ವಸ್ತುವಿನ ಮೈಮೇಲೆಯೇ ಹುಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ, ಅದೇ ಕ್ರಿಯೆ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಇದೆ. ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ಆವಿಯ ಪ್ರಮಾಣ ಕಡಿಮೆಯಾಗುತ್ತದೆ. ಯಾವ ಉಷ್ಣತೆಯಲ್ಲಿ ಅದಕ್ಕೆ ಇನ್ನು ಹಿಡಿದಿಡಲಾಗದೋ ಅದೇ 'ಇಬ್ಬನಿ ಬಿಂದು'. ಯಾವುದೇ ವಸ್ತುವಿನ ಮೈ ಈ ಬಿಂದುವಿಗಿಂತ ತಣ್ಣಗಾದರೆ ಅದರ ಮೇಲೆ ಹನಿ ಕಟ್ಟುತ್ತದೆ.

ಸರಿ, ಸ್ಕೂಟರಿನ ಸೀಟನ್ನು ಯಾರೂ ಫ್ರಿಜ್ಜಿನಲ್ಲಿ ಇಟ್ಟಿರಲಿಲ್ಲ. ಅದು ಸುತ್ತಲಿನ ಗಾಳಿಗಿಂತ ತಣ್ಣಗಾದದ್ದು ಹೇಗೆ? ಪ್ರತಿಯೊಂದು ವಸ್ತುವೂ ಹಗಲಿರುಳು ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಮೇಲೆ ಸೂರೋ ಮರವೋ ಇದ್ದರೆ ಅದೂ ತನ್ನ ಶಾಖವನ್ನು ಕೆಳಕ್ಕೆ ಸೂಸುವುದರಿಂದ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೋಗುತ್ತದೆ. ಮೇಲೆ ಬರೀ ಶುಭ್ರ ಆಕಾಶವಿದ್ದರೆ? ಕೊಟ್ಟಷ್ಟು ವಾಪಸು ಬರುವುದಿಲ್ಲ. ವ್ಯಾಪಾರ ನಷ್ಟದಲ್ಲಿ ನಡೆಯುತ್ತದೆ. ಹೀಗೆ ಆಕಾಶಕ್ಕೆ ಮುಖ ಮಾಡಿದ ವಸ್ತು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗಿಬಿಡಬಲ್ಲದು. ಮೋಡವಿದ್ದ ರಾತ್ರಿ ಮೋಡವೇ ಕಂಬಳಿಯಾಗುತ್ತದೆ. ಗಾಳಿ ಬೀಸುವ ರಾತ್ರಿ ಕಳೆದುಹೋದ ಶಾಖವನ್ನು ಗಾಳಿ ತುಂಬಿಕೊಡುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲೇ ಇಬ್ಬನಿ ಹೆಚ್ಚು. ನಕ್ಷತ್ರ ನೋಡಲು ನಾವು ಕಾಯುವುದೂ ಅಂಥ ರಾತ್ರಿಗಳನ್ನೇ! ಡಿಸೆಂಬರ್ 13-14ರ ಆಸುಪಾಸು ಮಿಥುನ ರಾಶಿಯಿಂದ ಸಿಡಿದಂತೆ ಕಾಣುವ ಜೆಮಿನಿಡ್ ಉಲ್ಕಾವರ್ಷವನ್ನು ಬಯಲಿನಲ್ಲಿ ಮಲಗಿ ನೋಡಿದವರಿಗೆ ನಡುರಾತ್ರಿಯ ಹೊತ್ತಿಗೆ ಹೊದಿಕೆ ಎಷ್ಟು ಒದ್ದೆಯಾಗುತ್ತದೆಂದು ಗೊತ್ತು.

ಈ ವಿಷಯವನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವನು ಭೌತಶಾಸ್ತ್ರದ ಪ್ರೊಫೆಸರನಲ್ಲ, ಲಂಡನ್ನಿನ ಒಬ್ಬ ವೈದ್ಯ. ಹೆಸರು ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿಯ ಬಗ್ಗೆ ಅವನು ಬರೆದ ಪುಟ್ಟ ಪುಸ್ತಕ ಪ್ರಕಟವಾದದ್ದು 1814ರಲ್ಲಿ. ಲಂಡನ್ನಿನ ಹೊರವಲಯದ ತೋಟವೊಂದರಲ್ಲಿ ರಾತ್ರಿಯೆಲ್ಲ ಎದ್ದಿದ್ದು ಅವನು ಮಾಡಿದ ಪ್ರಯೋಗಗಳಿಗೆ ದುಬಾರಿ ಉಪಕರಣಗಳೇನೂ ಬೇಕಿರಲಿಲ್ಲ. ಒಂದು ಹಲಗೆ, ಸ್ವಲ್ಪ ಉಣ್ಣೆ, ಒಂದು ತಕ್ಕಡಿ, ಒಂದೆರಡು ಉಷ್ಣಮಾಪಕ, ಅಷ್ಟೇ. ಹಲಗೆಯನ್ನು ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ನಿಲ್ಲಿಸಿ, ಅದರ ಮೇಲ್ಮೈಗೆ 10 ಗ್ರೇನ್ ತೂಕದ ಉಣ್ಣೆಯ ಉಂಡೆಯನ್ನೂ ಕೆಳಮೈಗೆ ಅಷ್ಟೇ ತೂಕದ ಇನ್ನೊಂದನ್ನೂ ಕಟ್ಟಿದ. ಆಮೇಲೆ ತೂಗಿ ನೋಡಿದಾಗ ಮೇಲಿನ ಉಂಡೆ 14 ಗ್ರೇನ್ ನೀರು ಹಿಡಿದಿತ್ತು, ಕೆಳಗಿನದು ಬರೀ 4. ಎರಡೂ ಇದ್ದದ್ದು ಒಂದೇ ತೋಟದಲ್ಲಿ, ಒಂದೇ ಗಾಳಿಯಲ್ಲಿ. ನಡುವೆ ಇದ್ದದ್ದು ಒಂದು ಹಲಗೆ ಮಾತ್ರ.

ವೆಲ್ಸ್ ಅಷ್ಟಕ್ಕೇ ಬಿಡಲಿಲ್ಲ. ಹುಲ್ಲಿನ ಮೇಲೆ ನಾಲ್ಕು ಕಡ್ಡಿ ಚುಚ್ಚಿ, ನೆಲದಿಂದ ಆರು ಅಂಗುಲ ಮೇಲೆ ಒಂದು ತೀರಾ ತೆಳುವಾದ ಕರವಸ್ತ್ರವನ್ನು ಚಪ್ಪರದಂತೆ ಬಿಗಿದ. ಕರವಸ್ತ್ರದ ಕೆಳಗಿನ ಹುಲ್ಲು ಪಕ್ಕದ ಬಯಲು ಹುಲ್ಲಿಗಿಂತ ಬೆಚ್ಚಗಿತ್ತು! ತೋಟದ ಮಾಲಿಗಳು ಎಳೆಯ ಗಿಡಗಳ ಮೇಲೆ ತೆಳು ಚಾಪೆ ಹರಡುವುದನ್ನು ಕಂಡು ಅವನು ಹಿಂದೆ ನಗುತ್ತಿದ್ದನಂತೆ. ಅಷ್ಟು ತೆಳುವಾದ ಚಾಪೆ ಗಾಳಿಯ ಚಳಿಯನ್ನು ಎಲ್ಲಿ ತಡೆದೀತು ಎಂಬುದು ಅವನ ವಾದವಾಗಿತ್ತು. ಈ ಪ್ರಯೋಗದ ಮೇಲೆ ಅವನಿಗೆ ತಿಳಿಯಿತು: ಚಾಪೆ ತಡೆಯುವುದು ಗಾಳಿಯ ಚಳಿಯನ್ನಲ್ಲ, ಆಕಾಶದ ನೋಟವನ್ನು.

ನಮ್ಮ ಮನೆಗಳಲ್ಲಿ ಈ ವಿದ್ಯೆ ಹೊಸದೇನಲ್ಲ. ತಾರಸಿಯಲ್ಲಿ ಒಣಗಲು ಹಾಕಿದ ಸಂಡಿಗೆಯನ್ನು ಹೊತ್ತು ಮುಳುಗುವ ಮುನ್ನ ಅಮ್ಮ ಒಳಗೆ ತರುತ್ತಾಳೆ. ಕೊಡಗು ಚಿಕ್ಕಮಗಳೂರುಗಳ ಕಾಫಿ ಕಣಗಳಲ್ಲಿ ಹಗಲು ಹರಡಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಜಾಣತನವೂ ಇದೆ. ಕಡಲೆ ಗಿಡಗಳ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಗಿನ ಜಾವ ಗಿಡದ ಹುಳಿಯೊಂದಿಗೆ ಬೆರೆತ ಇಬ್ಬನಿಯನ್ನು ಹಿಂಡಿಕೊಳ್ಳುತ್ತಾರೆ. ಅಂದರೆ ವಸ್ತುವಿಗೆ ತಾಗಿಸಿ ಹಾಸಿದ ಬಟ್ಟೆ ರಕ್ಷಣೆಯಲ್ಲ, ನೀರು ಹಿಡಿಯುವ ಸಾಧನ. ಲ್ಯಾಪ್‌ಟಾಪಿನ ಮೇಲೆ ನೇರವಾಗಿ ಟವಲು ಹೊದಿಸುವವರು ಇದನ್ನು ನೆನಪಿಡಬೇಕು. ಸೂರು ಬೇಕು, ಹೊದಿಕೆ ಬೇಡ.

ಈಗ ಸ್ವಲ್ಪ ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ರಾತ್ರಿ ಹತ್ತು ಗಂಟೆಗೆ ಗಾಳಿಯ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡಾ 90 ಎಂದಿಟ್ಟುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 16.3 ಡಿಗ್ರಿ. ಎಂದರೆ ಗಾಳಿಗಿಂತ ಎರಡು ಡಿಗ್ರಿಯಷ್ಟು ತಣ್ಣಗಾದ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. ಆಕಾಶಕ್ಕೆ ತೆರೆದುಕೊಂಡ ವಸ್ತು ಎರಡು ಡಿಗ್ರಿ ಇಳಿಯಲು ಬಹಳ ಹೊತ್ತೇನೂ ಬೇಡ. ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುವ ವಸ್ತುವಿನ ಮೇಲೆ ಇಬ್ಬನಿ ಕಟ್ಟಲು ಸಾಧ್ಯವೇ ಇಲ್ಲ.

ಇದು ಲ್ಯಾಪ್‌ಟಾಪಿನ ಮಟ್ಟಿಗೆ ಶುಭ ಸಮಾಚಾರ. ಚಾಲೂ ಇರುವ ಲ್ಯಾಪ್‌ಟಾಪ್ ತಾನು ಬಳಸುವ ವಿದ್ಯುತ್ತನ್ನೆಲ್ಲ ಕಡೆಗೆ ಶಾಖವಾಗಿಯೇ ಹೊರಹಾಕುತ್ತದೆ. ಹದಿನೈದು ವ್ಯಾಟಿನ ಒಂದು ಸಣ್ಣ ಒಲೆ ಎನ್ನಿ. "ಫ್ಯಾನು ಹೊರಗಿನ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಅಪಾಯವಲ್ಲವೇ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ 18 ಡಿಗ್ರಿಯಲ್ಲಿ ಶೇಕಡಾ 90ರಷ್ಟು ಆರ್ದ್ರತೆಯಿದ್ದ ಗಾಳಿ ಒಳಗೆ ಹೋಗಿ 30 ಡಿಗ್ರಿಗೆ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 45ರ ಆಸುಪಾಸಿಗೆ ಇಳಿಯುತ್ತದೆ. ನೀರಿನ ಪ್ರಮಾಣ ಅಷ್ಟೇ, ಹಿಡಿದಿಡುವ ಶಕ್ತಿ ಹೆಚ್ಚಾಯಿತು. ಆದ್ದರಿಂದ ಓಡುತ್ತಿರುವ ಯಂತ್ರದ ಒಡಲು ಒಣಗಿಯೇ ಇರುತ್ತದೆ. ಅಪಾಯ ಶುರುವಾಗುವುದು ಅದನ್ನು ನಿಲ್ಲಿಸಿದಾಗ. ಚಹಾ ಕುಡಿದು ಬರೋಣವೆಂದು ಕೆಳಗಿಳಿದು ಹೋದಿರಿ, ಲ್ಯಾಪ್‌ಟಾಪ್ ತಾನಾಗಿ ನಿದ್ದೆಗೆ ಜಾರಿತು, ಮುಕ್ಕಾಲು ಗಂಟೆ ಆಕಾಶ ನೋಡುತ್ತ ಕೂತಿತು. ಆಗ ಕೀಲಿಮಣೆ ಒದ್ದೆಯಾಗುತ್ತದೆ. ಅಧಿವೇಶನ ಮುಗಿಯುವವರೆಗೆ ಯಂತ್ರ ನಿದ್ದೆಗೆ ಹೋಗದಂತೆ ಮೊದಲೇ ಹೊಂದಿಸಿಡಿ. ಹೋಗುವುದೇ ಆದರೆ ಒಳಗೆ ತೆಗೆದುಕೊಂಡು ಹೋಗಿ.

ಯಂತ್ರದೊಂದಿಗೆ ಬರುವ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಆರ್ದ್ರತೆಯ ಮಿತಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಶೇಕಡಾ 80 ಅಥವಾ 90ರವರೆಗೆ, ಜೊತೆಗೆ 'ಹನಿಗಟ್ಟದಂತೆ' ಎಂಬ ಷರತ್ತು. ಓದುವವರು ಕಡಿಮೆ. ಆ ಷರತ್ತೇ ಮುಖ್ಯ. ಯಂತ್ರ ಹೆದರುವುದು ತೇವದ ಗಾಳಿಗಲ್ಲ, ಹನಿಗೆ.

ಹಾಗಾದರೆ ಸೂರು ಎಂಥದು? ಅತ್ಯುತ್ತಮವಾದದ್ದು ಬಹಳ ಮನೆಗಳ ತಾರಸಿಯಲ್ಲಿ ಈಗಾಗಲೇ ಇದೆ: ಮೆಟ್ಟಿಲು ಮುಗಿಯುವಲ್ಲಿನ ಪುಟ್ಟ ಕೋಣೆ. ಲ್ಯಾಪ್‌ಟಾಪನ್ನು ಅದರ ಬಾಗಿಲ ಒಳಗೆ ಸ್ಟೂಲಿನ ಮೇಲಿಟ್ಟು, ಕ್ಯಾಮೆರಾದ ಕೇಬಲನ್ನಷ್ಟೇ ಹೊರಗೆ ದೂರದರ್ಶಕದವರೆಗೆ ಎಳೆಯಿರಿ. ಸಾಮಾನ್ಯ ಯುಎಸ್‌ಬಿ-2 ಕೇಬಲು 5 ಮೀಟರಿನವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ಇದು ದೊಡ್ಡವರು ಮಾಡುವ ಕ್ರಮವೇ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವವರು ಕುಳಿತಿರುವುದು ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ! ಅವರ ಕೇಬಲು ಉದ್ದ, ನಮ್ಮದು ಗಿಡ್ಡ. ತತ್ವ ಒಂದೇ.

ಮೆಟ್ಟಿಲ ಕೋಣೆಯಿಲ್ಲದವರಿಗೆ, ಊರ ಹೊರಗಿನ ಬಯಲಿಗೆ ಹೋಗುವವರಿಗೆ ರಟ್ಟಿನ ಪೆಟ್ಟಿಗೆ ಸಾಕು. ಎರಡು ಅಡಿ ಅಗಲ, ಎರಡು ಅಡಿ ಆಳ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಬಾಯಿ ನಿಮ್ಮ ಕಡೆಗಿರುವಂತೆ ಅಡ್ಡ ಮಲಗಿಸಿ ಮೇಜಿನ ಮೇಲಿಡಿ. ನೆಲದ ಮೇಲೆ ಬೇಡ. ನೆಲದ ಬಳಿಯ ಗಾಳಿಯೇ ಎಲ್ಲಕ್ಕಿಂತ ತಣ್ಣಗಿರುತ್ತದೆ, ಹುಲ್ಲು ಮೊದಲು ಒದ್ದೆಯಾಗುತ್ತದೆ, ಕತ್ತಲಲ್ಲಿ ಯಾರಾದರೂ ತುಳಿಯುವುದೂ ಖಂಡಿತ. ಪೆಟ್ಟಿಗೆಯ ಬೆನ್ನಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ರಟ್ಟು ನೆನೆಯುವುದಿಲ್ಲ. ಒಳಮೈಗೆ ಕಪ್ಪು ಕಾಗದ. ಬಾಯಿಗೆ ಹಳೆಯ ಕೊಡೆಯ ಕಪ್ಪು ಬಟ್ಟೆಯ ಪರದೆ, ಕೆಲಸ ಮಾಡುವಾಗ ಎತ್ತಿಕೊಳ್ಳಲು, ಉಳಿದ ಹೊತ್ತು ಇಳಿಬಿಡಲು. ಗಾಳಿಗೆ ಹಾರದಂತೆ ಒಳಗೆ ಒಂದು ಇಟ್ಟಿಗೆ. ಲ್ಯಾಪ್‌ಟಾಪಿನ ಹಿಂಬದಿಗೂ ಪಕ್ಕಕ್ಕೂ ನಾಲ್ಕು ಬೆರಳಷ್ಟು ಜಾಗ ಬಿಡಿ, ಬಿಸಿಗಾಳಿ ಹೊರಹೋಗಬೇಕು. ಅದರ ಬೆಚ್ಚನೆಯೇ ಪೆಟ್ಟಿಗೆಯೊಳಗೆ ನಿಂತು ಇಬ್ಬನಿಯನ್ನು ಇನ್ನಷ್ಟು ದೂರವಿಡುತ್ತದೆ. ಬೆಳಗ್ಗೆ ನೋಡಿ, ಪೆಟ್ಟಿಗೆಯ ಬೆನ್ನು ತೊಪ್ಪೆಯಾಗಿರುತ್ತದೆ, ಒಳಗೆ ಹನಿಯೂ ಇರುವುದಿಲ್ಲ. ದೊಡ್ಡ ಕೊಡೆಯೊಂದನ್ನು ಕುರ್ಚಿಗೆ ಕಟ್ಟಿದರೂ ನಡೆದೀತು, ಆದರೆ ಬೆಳಕು ಮರೆಯಾಗುವುದಿಲ್ಲ.

ಮಾಡಬಾರದ್ದು ಒಂದಿದೆ. ಲ್ಯಾಪ್‌ಟಾಪನ್ನು ಪಾರದರ್ಶಕ ಪಾಲಿಥೀನ್ ಚೀಲದೊಳಗೆ ತುರುಕಿ ಕೆಲಸ ಮಾಡುವುದು. ಚೀಲದ ಮೈ ತಣ್ಣಗಾಗಿ ಒಳಗಿನ ಗಾಳಿಯ ಆವಿ ಅದರ ಒಳಮೈಗೇ ಹನಿಗಟ್ಟುತ್ತದೆ, ಫ್ಯಾನಿಗೆ ಉಸಿರೂ ಕಟ್ಟುತ್ತದೆ. ಜಾಣತನವೆಂದು ಕಾಣುವ ಕೆಟ್ಟ ಉಪಾಯ ಇದು.

ಇನ್ನು ಲ್ಯಾಪ್‌ಟಾಪಿಗಿಂತ ಬಹಳ ದೊಡ್ಡ ವಿಷಯ. ಪೋಷಕರು ಈ ಭಾಗವನ್ನು ಎರಡು ಸಲ ಓದಿ. ಕಂತು ಬಾಕಿಯಿರುವ ಯಂತ್ರ ಕೆಟ್ಟರೆ ಹಣ ಹೋಗುತ್ತದೆ. ಇಬ್ಬನಿ ನೆಲದ ಮೇಲೆ ಮಗು ಬರಿಗಾಲಲ್ಲಿ ನಿಂತು ಎಕ್ಸ್‌ಟೆನ್ಶನ್ ಬೋರ್ಡ್ ಮುಟ್ಟಿದರೆ ಹೋಗುವುದು ಬೇರೆ. ಒಣಗಿದ ಚರ್ಮದ ವಿದ್ಯುತ್ ರೋಧ ಒಂದು ಲಕ್ಷ ಓಮ್‌ನಷ್ಟಿರಬಹುದು. ಓಮನ ನಿಯಮ ಹಚ್ಚಿ: 230 ವೋಲ್ಟಿಗೆ ಹರಿಯುವುದು 2.3 ಮಿಲಿ ಆಂಪೇರ್, ಜುಮ್ಮೆನ್ನುತ್ತದೆ. ಒದ್ದೆ ಕೈ, ಒದ್ದೆ ಕಾಲಾದರೆ ರೋಧ ಸಾವಿರ ಓಮ್‌ಗೆ ಇಳಿಯಬಹುದು. ಆಗ ಹರಿಯುವುದು 230 ಮಿಲಿ ಆಂಪೇರ್. ಅದರ ಕಾಲುಭಾಗವೂ ಹೃದಯವನ್ನು ನಿಲ್ಲಿಸಬಲ್ಲದು. "ನಮ್ಮ ಮನೆಯಲ್ಲಿ ಎಂಸಿಬಿ ಇದೆ, ತಾನೇ ಬೀಳುತ್ತದೆ" ಎಂದು ಹೇಳುವವರನ್ನು ಬಹಳ ಕಂಡಿದ್ದೇನೆ. ಬೀಳುವುದಿಲ್ಲ. ಎಂಸಿಬಿ ಆರು, ಹತ್ತು, ಹದಿನಾರು ಆಂಪೇರ್‌ಗಳ ಲೆಕ್ಕದಲ್ಲಿ ವೈರಿಂಗನ್ನು ಕಾಯುವ ಸಾಧನ. ಮನುಷ್ಯನ ಮೈಯಲ್ಲಿ ಹರಿಯುವ ಕಾಲು ಆಂಪೇರ್ ಅದರ ಗಮನಕ್ಕೇ ಬರುವುದಿಲ್ಲ. ಮನುಷ್ಯರನ್ನು ಕಾಯುವುದು 30 ಮಿಲಿ ಆಂಪೇರ್ ಸೋರಿಕೆಗೆ ಬೀಳುವ ಆರ್‌ಸಿಸಿಬಿ ಎಂಬ ಬೇರೆ ಸಾಧನ. ನಿಮ್ಮ ಮನೆಯಲ್ಲಿ ಅದು ಇದೆಯೇ ಎಂದು ವೈರಿಂಗ್ ಮಾಡಿದವರನ್ನು ಕೇಳಿ.

ಆದ್ದರಿಂದ ನನ್ನ ಕಟ್ಟಪ್ಪಣೆ: ಮಕ್ಕಳು ರಾತ್ರಿ ಬಯಲಿನಲ್ಲಿ ಮನೆಯ ಕರೆಂಟನ್ನು ಬಳಸಲೇಬಾರದು. ಬ್ಯಾಟರಿಯಿಂದಲೇ ನಡೆಸಿ. 50 ವ್ಯಾಟ್-ಗಂಟೆಯ ಬ್ಯಾಟರಿ 15 ವ್ಯಾಟ್ ಬಳಕೆಗೆ ಮೂರು ಗಂಟೆಗೂ ಮೀರಿ ಬರುತ್ತದೆ. ಪರದೆಯ ಹೊಳಪನ್ನು ಇಳಿಸಿದರೆ ಇನ್ನೂ ಹೆಚ್ಚು. ಪಿಯುಸಿ ಹುಡುಗಿಯೊಬ್ಬಳು ಮರುದಿನ ಕಾಲೇಜಿಗೆ ಹೋಗಬೇಕಾದ ರಾತ್ರಿಗೆ ಮೂರು ಗಂಟೆ ಸಾಲದೇ? ಚಾರ್ಜರು ಒಳಗೇ ಇರಲಿ.

ಬೆಳಕಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಕ್ಷಿಪಟದ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳುವ ಅವಧಿ ಅದು. ಲ್ಯಾಪ್‌ಟಾಪಿನ ಬಿಳಿ ಪರದೆ ಒಂದು ಕ್ಷಣದಲ್ಲಿ ಆ ಗಳಿಕೆಯನ್ನೆಲ್ಲ ಹಾಳುಮಾಡುತ್ತದೆ, ನಿಮ್ಮದನ್ನಷ್ಟೇ ಅಲ್ಲ, ಪಕ್ಕದವರದ್ದನ್ನೂ. ಕೆಂಪು ಬೆಳಕಿನಿಂದ ದಂಡಕೋಶಗಳಿಗೆ ತೊಂದರೆ ಕಡಿಮೆ. ಸ್ಟೆಲ್ಲೇರಿಯಂ ಎಂಬ ಉಚಿತ ಆಕಾಶನಕ್ಷೆಯ ತಂತ್ರಾಂಶದಲ್ಲಿ ಪರದೆಯನ್ನು ಕೆಂಪಾಗಿಸುವ ರಾತ್ರಿ ವಿಧಾನವಿದೆ. ಉಳಿದ ತಂತ್ರಾಂಶಗಳಿಗೆ ಕೆಂಪು ಜಿಲೆಟಿನ್ ಪೇಪರನ್ನು ಎರಡು ಪದರ ಮಾಡಿ ಪರದೆಯ ಮೇಲೆ ಇಳಿಬಿಡಿ. ಶಾಲಾ ವಾರ್ಷಿಕೋತ್ಸವದ ದೀಪಗಳಿಗೆ ಕಟ್ಟುತ್ತಾರಲ್ಲ, ಅದೇ.

"ಇಷ್ಟೆಲ್ಲ ರಗಳೆಯಾದರೆ ಲ್ಯಾಪ್‌ಟಾಪೇ ಏಕೆ, ಕಣ್ಣಿನಿಂದ ನೋಡಿದರೆ ಸಾಲದೇ?" ಎಂದು ಹಿರಿಯರು ಕೇಳಬಹುದು. ಉಲ್ಕೆಗಳಿಗೆ, ನಕ್ಷತ್ರ ಗುರುತಿಸುವುದಕ್ಕೆ ನಿಜಕ್ಕೂ ಕಣ್ಣೇ ಸಾಕು, ಚಾಪೆಯೊಂದು ಬೇಕು. ಗ್ರಹಗಳ ವಿಷಯ ಬೇರೆ. ಗಾಳಿಯ ಅಲುಗಾಟದಿಂದ ಗುರುವಿನ ಬಿಂಬ ನೀರಿನಡಿಯ ನಾಣ್ಯದಂತೆ ನಡುಗುತ್ತದೆ. ಸಾವಿರಾರು ಬಿಂಬಗಳನ್ನು ಒಂದೆರಡು ನಿಮಿಷದಲ್ಲಿ ಸೆರೆಹಿಡಿದು, ಸ್ಥಿರವಾಗಿದ್ದವನ್ನಷ್ಟೇ ಆರಿಸಿ, ಒಂದರ ಮೇಲೊಂದು ಕೂಡಿಸಿದರೆ ಕಣ್ಣಿಗೆ ಕಾಣದ ವಿವರಗಳು ಹೊರಬರುತ್ತವೆ. ಆ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕು. ಇನ್ನೊಂದು ಉಪಯೋಗವೂ ಇದೆ. 2020ರ ಡಿಸೆಂಬರ್ 21ರ ಸಂಜೆ ಗುರು-ಶನಿಗಳು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಹತ್ತಿರ ಬಂದಿದ್ದವು. ಒಂದೇ ಐಪೀಸಿಗೆ ಹತ್ತಾರು ಜನ ಕಣ್ಣಿಡಲು ಹೆದರುವ ಕೊರೊನಾ ಕಾಲ ಅದು. ಅಂಥ ಹೊತ್ತಿನಲ್ಲಿ ದೂರದರ್ಶಕದ ನೋಟವನ್ನು ಪರದೆಗೆ ತಂದರೆ ಎಲ್ಲರೂ ದೂರ ನಿಂತೇ ನೋಡಬಹುದಿತ್ತು.

ಅದಿರಲಿ. ಎಲ್ಲ ಸರಿಯಾಗಿ ಮಾಡಿದವರೂ ಎಡವುವುದು ಮುಗಿಸಿ ಹೊರಡುವಾಗ. ಮೊದಲನೆಯದು ಚೀಲ. ಲ್ಯಾಪ್‌ಟಾಪ್ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ, ಅದರ ಚೀಲ ಮಾತ್ರ ಬಾಯಿ ತೆರೆದುಕೊಂಡು ಪಕ್ಕದಲ್ಲಿ ರಾತ್ರಿಯೆಲ್ಲ ಬಿದ್ದಿರುತ್ತದೆ. ಕೊನೆಗೆ ಒಣ ಯಂತ್ರವನ್ನು ಒದ್ದೆ ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತಾರೆ! ಚೀಲವನ್ನು ಮುಚ್ಚಿ ಪೆಟ್ಟಿಗೆಯೊಳಗೇ ಇಡಿ. ಎರಡನೆಯದು ಮನೆಯೊಳಗಿನ ಇಬ್ಬನಿ. ಬಯಲಿನಲ್ಲಿ ನಿಲ್ಲಿಸಿ ತಣ್ಣಗಾದ ಯಂತ್ರವನ್ನು ಬೆಚ್ಚಗಿನ ಮನೆಗೆ, ಅದರಲ್ಲೂ ಅನ್ನ ಬೇಯುತ್ತಿರುವ ಅಡುಗೆಮನೆಯ ಪಕ್ಕಕ್ಕೆ ತಂದು ತೆರೆದಿಟ್ಟರೆ ಅದೇ ಫ್ರಿಜ್ಜಿನ ಬಾಟಲಿಯ ಕಥೆ. ಹೊರಗೇ ಒಣ ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ, ಒಳಗೆ ತಂದು ಹಾಗೆಯೇ ಇಡಿ. ಒಂದು ಗಂಟೆಯಲ್ಲಿ ಚೀಲದ ಜೊತೆ ಯಂತ್ರವೂ ಕೋಣೆಯ ಉಷ್ಣತೆಗೆ ಬರುತ್ತದೆ. ತೆಗೆದ ಚಿತ್ರಗಳನ್ನು ಆಗಲೇ ನೋಡಬೇಕೆಂಬ ಆತುರ ಸಹಜವೇ, ಬೆಳಿಗ್ಗೆ ನೋಡಿದರೂ ಅವು ಅಲ್ಲೇ ಇರುತ್ತವೆ. ಹೊಸ ಬೂಟಿನ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಡುವವರಿದ್ದಾರೆ. ತೊಂದರೆಯಿಲ್ಲ, ಆದರೆ ವರ್ಷಗಟ್ಟಲೆ ಮೇಜಿನ ಮೇಲೆ ಬಿದ್ದಿದ್ದ ಪೊಟ್ಟಣ ಕುಡಿಯಬೇಕಾದಷ್ಟು ನೀರನ್ನು ಆಗಲೇ ಕುಡಿದಿರುತ್ತದೆ.

ನಮ್ಮ ಕಡೆಯವರು ಈಗ ದೂರದರ್ಶಕ ಹೊತ್ತು ಲಡಾಖಿಗೂ ಹೋಗುತ್ತಾರೆ. ಅಲ್ಲಿ ಸಮಸ್ಯೆ ಬೇರೆ. ಗಾಳಿ ಒಣಗಿದ್ದು, ಇಬ್ಬನಿಯ ಕಾಟ ಕಡಿಮೆ, ಚಳಿಯ ಕಾಟ ಹೆಚ್ಚು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಕಸುವು ಕುಗ್ಗುತ್ತದೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಶಾಶ್ವತವಾಗಿ ಕೆಡುತ್ತದೆ. ಬೆಚ್ಚಗಾದ ಮೇಲೇ ಚಾರ್ಜ್ ಮಾಡಬೇಕು.

ಇಷ್ಟಾದರೂ ಒಂದು ದಿನ ಒದ್ದೆಯಾಯಿತು ಎನ್ನಿ. ಆಗ ಏನು ಕೆಡುತ್ತದೆ? ಇಬ್ಬನಿ ಬಹುಮಟ್ಟಿಗೆ ಶುದ್ಧ ನೀರು, ಶುದ್ಧ ನೀರು ಒಳ್ಳೆಯ ವಾಹಕವಲ್ಲ. ಆದರೆ ಕೀಲಿಮಣೆಯ ಸಂದಿಗಳಲ್ಲಿ ನಮ್ಮ ಬೆರಳ ಬೆವರಿನ ಉಪ್ಪು, ಧೂಳು, ಚಕ್ಕುಲಿಯ ಪುಡಿ ಎಲ್ಲ ಇರುತ್ತವೆ. ಅವು ಕರಗಿದ ನೀರು ವಾಹಕವಾಗುತ್ತದೆ. ಆಗ ವಿದ್ಯುತ್ ಹರಿಸಿದರೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ಗೆರೆಗಳ ನಡುವೆ ವಿದ್ಯುದ್ವಿಭಜನೆ ನಡೆದು, ಹುಳಿ ತಾಗಿದ ತಾಮ್ರದ ಚೊಂಬಿನಂತೆ ಕಿಲುಬು ಹಿಡಿಯುತ್ತದೆ. ಹೆಚ್ಚಿನ ಹಾನಿ ಮಾಡುವುದು ನೀರಿನೊಳಗೆ ಹರಿಯುವ ಕರೆಂಟು, ಬರೀ ನೀರಲ್ಲ. ಆದ್ದರಿಂದ ಮೊದಲು ಯಂತ್ರವನ್ನು ಪೂರ್ತಿ ಬಂದ್ ಮಾಡಬೇಕು. ನಿದ್ದೆಗೆ ಕಳಿಸಿದರೆ ಸಾಲದು. ಚಾರ್ಜರ್ ತಗುಲಿಸಬಾರದು. ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಬೇಕು. ಒಣ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ತೆರೆದ ಪುಸ್ತಕವನ್ನು ಬೋರಲು ಹಾಕಿದಂತೆ ಮೇಜಿನ ಅಂಚಿಗೆ ಕವುಚಿ, ಫ್ಯಾನಿನ ಗಾಳಿಗೆ ಒಂದು ಪೂರ್ತಿ ದಿನ ಬಿಡಬೇಕು. ಬಿಸಿಲಿಗೆ ಇಡುವುದು, ಕೂದಲು ಒಣಗಿಸುವ ಯಂತ್ರ ಹಿಡಿಯುವುದು ಬೇಡ. ಅಕ್ಕಿ ಡಬ್ಬದಲ್ಲಿ ಹುಗಿಯುವುದಂತೂ ಬೇಡವೇ ಬೇಡ. ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ, ತನ್ನ ಪುಡಿಯನ್ನು ಒಳಗೆ ತುಂಬುತ್ತದೆ. 2024ರಲ್ಲಿ ಆ್ಯಪಲ್ ಕಂಪನಿಯೇ ತನ್ನ ಫೋನುಗಳನ್ನು ಅಕ್ಕಿಗೆ ಹಾಕಬೇಡಿರೆಂದು ಹೇಳಿತು.

ಪತ್ರ ಬರೆದ ತಂದೆಯವರಿಗೆ ಒಂದು ಮಾತು. ಸೂರು ಮಾಡಿಸಿ, ಬ್ಯಾಟರಿಯಲ್ಲಿ ನಡೆಸಲಿ, ಮೊದಲ ರಾತ್ರಿ ನೀವೂ ಜೊತೆಯಲ್ಲಿ ಕುಳಿತುಕೊಳ್ಳಿ. ಗುರುವಿನ ಪಕ್ಕದಲ್ಲಿ ಸಾಲಾಗಿ ನಿಂತ ಅದರ ದೊಡ್ಡ ಚಂದ್ರಗಳನ್ನು ನೀವು ಇದುವರೆಗೆ ನೋಡಿರಲಾರಿರಿ. ಮತ್ತು ಯಂತ್ರ ಎಂದಾದರೂ ಒದ್ದೆಯಾದರೆ ಆ ಕ್ಷಣದಲ್ಲಿ ಮಗಳನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿದ ಮಕ್ಕಳು ಮೊದಲು ಮಾಡುವ ಕೆಲಸವೇ, ಕೆಟ್ಟಿದೆಯೋ ಇಲ್ಲವೋ ಎಂದು ಕೋಣೆಯ ಬಾಗಿಲು ಹಾಕಿಕೊಂಡು ಗುಟ್ಟಾಗಿ ಆನ್ ಮಾಡಿ ನೋಡುವುದು. ಬಹಳಷ್ಟು ಲ್ಯಾಪ್‌ಟಾಪುಗಳು ಸಾಯುವುದು ಆ ಹೊತ್ತಿಗೆ. ಒಣಗಲಿಕ್ಕೆ ಅದಕ್ಕೆ ಒಂದು ದಿನ ಕೊಡಿ, ಅಷ್ಟರವರೆಗೆ ಚಾರ್ಜರನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಂಡಿರಿ.